ಎಲ್ಲಿಂದ? ಒಂಟೆಯಿಂದ!

ಮಾಸ್ಕೋಗೆ ಬಂದ ಮೊದಲ ಚಳಿಗಾಲ. ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ಒಂದು ದಪ್ಪ ಕಾಗದದ ಕಟ್ಟು ಬಂದು ಕೂತಿತ್ತು. ಪಕ್ಕದ ಮೇಜಿನವರನ್ನು ನನ್ನ ಮುರುಕು ರಷ್ಯನ್‌ನಲ್ಲಿ 'ಅತ್ಕೂದಾ?' ಎಂದು ಕೇಳಿದೆ. ಎಲ್ಲಿಂದ ಬಂತು ಇದು ಅಂತ. ಆಕೆ ಲೆಕ್ಕಪತ್ರ ನೋಡಿಕೊಳ್ಳುವವರು, ಐವತ್ತು ದಾಟಿದೆ, ಸುಲಭಕ್ಕೆ ನಗುವ ಪೈಕಿ ಅಲ್ಲ. ಕಂಪ್ಯೂಟರಿನಿಂದ ತಲೆ ಎತ್ತದೆಯೇ 'ಅತ್ ವೆರ್ಬ್ಲ್ಯೂದಾ' ಎಂದರು. ಸುತ್ತ ಇದ್ದ ನಾಲ್ಕೈದು ಜನ ಕಿಸಕ್ಕೆಂದರು. ಮೊಬೈಲಿನಲ್ಲಿ ಅರ್ಥ ಹುಡುಕಿದರೆ 'ಒಂಟೆಯಿಂದ' ಅಂತ ಬಂತು. ಒಂಟೆ ಅನ್ನೋ ಹೆಸರಿನ ವಿಭಾಗ ಯಾವುದಾದರೂ ಇದೆಯಾ ಅಂತ ಸಂಜೆವರೆಗೂ ತಲೆ ಕೆಡಿಸಿಕೊಂಡಿದ್ದೆ.

ಅದು ಮಕ್ಕಳ ಪದ್ಯದ ಸಾಲು ಅಂತ ಗೊತ್ತಾಗಿದ್ದು ಆರು ವರ್ಷ ಕಳೆದ ಮೇಲೆ, ಮಗಳು ಇಲ್ಲಿನ ಶಿಶುವಿಹಾರಕ್ಕೆ ಹೋಗಲು ಶುರು ಮಾಡಿದಾಗ. ಕೊರ್ನೇಯ್ ಚುಕೋವ್‌ಸ್ಕಿ 1926ರಲ್ಲಿ ಪ್ರಕಟಿಸಿದ 'ಟೆಲಿಫೋನ್' ಅನ್ನೋ ಪದ್ಯ. ಫೋನ್ ಬಡಿದುಕೊಳ್ಳುತ್ತದೆ. ಯಾರು ಮಾತಾಡ್ತಿರೋದು? ಆನೆ. ಎಲ್ಲಿಂದ? ಒಂಟೆಯ ಹತ್ತಿರದಿಂದ. ಏನು ಬೇಕು? ಚಾಕೊಲೇಟ್. ಯಾರಿಗೆ? ನನ್ನ ಮಗನಿಗೆ. ಎಷ್ಟು ಕಳಿಸಲಿ? ಐದಾರು ಪೂದ್ ಸಾಕು, ಪಾಪ ಇನ್ನೂ ಚಿಕ್ಕವನು, ಅದಕ್ಕಿಂತ ಜಾಸ್ತಿ ತಿನ್ನಲಾರ. ಪೂದ್ ಅಂದರೆ ಹಳೆಯ ರಷ್ಯನ್ ತೂಕ, 16 ಕಿಲೋ ಚಿಲ್ಲರೆ. ಲೆಕ್ಕ ಹಾಕಿಕೊಳ್ಳಿ. ಆಮೇಲೆ ಮೊಸಳೆ ಅಳುತ್ತಾ ಫೋನ್ ಮಾಡುತ್ತದೆ. ಅದಕ್ಕೆ ಮಳೆಗಾಲದ ರಬ್ಬರ್ ಪಾದರಕ್ಷೆ ಬೇಕು. ಹೋದ ವಾರ ಕಳಿಸಿದ್ದೆನಲ್ಲ ಅಂದರೆ, ಅವನ್ನು ಆಗಲೇ ತಿಂದು ಮುಗಿಸಿದೆವು ಅನ್ನುತ್ತದೆ.

ಪದ್ಯ ಚೆನ್ನಾಗಿದೆ, ಸರಿ. ನನ್ನನ್ನು ಕಾಡಿದ್ದು ಬೇರೆ. ರಷ್ಯಾದ ಮಕ್ಕಳ ಸಾಹಿತ್ಯ ನನಗೆ ಗೊತ್ತು ಅಂತಲೇ ನಾನು ಅಂದುಕೊಂಡಿದ್ದೆ! ಎಂಬತ್ತರ ದಶಕದಲ್ಲಿ ತೀರ್ಥಹಳ್ಳಿ ಕಡೆ ಬೆಳೆದವನು ನಾನು. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಶಾಲೆ ಶುರುವಾದರೆ ನಮ್ಮ ಪುಸ್ತಕಗಳಿಗೆಲ್ಲ 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆಯ ಬೈಂಡು. ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್, ಸಮಾಜದ ಪುಸ್ತಕದ ಮೇಲೆ ಗಗನಯಾತ್ರಿ. ಅಪ್ಪ ಬೆಂಗಳೂರಿಗೆ ಹೋದಾಗಲೆಲ್ಲ ನವಕರ್ನಾಟಕದ ಅಂಗಡಿಯಿಂದ ಮಾಸ್ಕೋದಲ್ಲಿ ಅಚ್ಚಾದ ಪುಸ್ತಕ ತರುತ್ತಿದ್ದರು. ಪ್ರಗತಿ ಪ್ರಕಾಶನದ್ದು, ಆಮೇಲೆ ರಾದುಗ ಪ್ರಕಾಶನದ್ದು. ಬೆಲೆ ಅಷ್ಟು ಕಮ್ಮಿ, ಕಾಗದ ಅಷ್ಟು ದಪ್ಪ. ಆ ಹೊಸ ಪುಸ್ತಕದ ವಾಸನೆ ಈಗಲೂ ಮೂಗಿನಲ್ಲಿದೆ. ಕೋಳಿ ಕಾಲಿನ ಮೇಲೆ ನಿಂತ ಗುಡಿಸಲಿನ ಮಾಟಗಾತಿ ಬಾಬಾ ಯಾಗಾ, ಬೆಂಕಿಹಕ್ಕಿ, ಟಾಲ್‌ಸ್ಟಾಯ್ ಹಳ್ಳಿ ಮಕ್ಕಳಿಗೆ ಬರೆದ ಪುಟ್ಟ ಕಥೆಗಳು, ಬರ್ಚ್ ಮರ, ಚಹಾಕ್ಕೆ ನೀರು ಕಾಯಿಸುವ ಸಮೊವಾರ್. ಹಿಮವನ್ನೇ ನೋಡದ ನಮಗೆ ಹಿಮದಲ್ಲಿ ದಾರಿ ತಪ್ಪಿದರೆ ಏನು ಮಾಡಬೇಕು ಅನ್ನೋದೆಲ್ಲ ಗೊತ್ತಿತ್ತು.

ಇಲ್ಲಿಗೆ ಬಂದು ನೋಡಿದರೆ ಇವರ ಬಾಯಲ್ಲಿ ದಿನಾ ಓಡಾಡುವ ಸಾಹಿತ್ಯ ಅದಲ್ಲವೇ ಅಲ್ಲ. ಇವರು ಬದುಕಿರೋದು ಪದ್ಯದಲ್ಲಿ. ಚುಕೋವ್‌ಸ್ಕಿ, ಮಾರ್ಷಾಕ್, ಬಾರ್ತೊ, ಖಾರ್ಮ್ಸ್, ಎಲ್ಲ ಮಕ್ಕಳಿಗೆ ಬರೆದ ಕವಿಗಳು. ನಾಲ್ಕು ಸಾಲು ಶುರು ಮಾಡಿ ನಿಲ್ಲಿಸಿದರೆ ಸಾಕು, ಮೆಟ್ರೋದಲ್ಲಿ ಪಕ್ಕ ಕೂತ ಅಪರಿಚಿತರೂ ಮುಂದಿನ ಸಾಲು ಹೇಳುತ್ತಾರೆ. ಅಜ್ಜಿ, ಅಮ್ಮ, ಮೊಮ್ಮಗಳು ಮೂವರಿಗೂ ಅವೇ ಪದ್ಯ ಬಾಯಿಪಾಠ. ನಮ್ಮೂರಿಗೆ ಬಂದ ರಷ್ಯಾ ಗದ್ಯದ ರಷ್ಯಾ. ಕಥೆ, ನೀತಿ, ವಿಜ್ಞಾನ. ಪದ್ಯ ಗಡಿಯಲ್ಲೇ ಉಳಿದುಬಿಟ್ಟಿತು.

ಯಾಕೆ ಅಂತ ತಿಳಿಯಲು ಒಂದು ಸಾಲನ್ನು ಕನ್ನಡಕ್ಕೆ ತಂದು ನೋಡಿ. 'ಎಲ್ಲಿಂದ? ಒಂಟೆಯಿಂದ.' ನಗು ಬರುತ್ತಾ? ಬರಲ್ಲ. ರಷ್ಯನ್‌ನಲ್ಲಿ 'ಅತ್ಕೂದಾ'ಗೆ 'ವೆರ್ಬ್ಲ್ಯೂದಾ' ಪ್ರಾಸವಾಗಿ ಕೂರೋದು ಬರೀ ಆಕಸ್ಮಿಕ. ಆ ಸದ್ದು ಕರೆಯಿತು ಅಂತ ಒಂಟೆ ಬಂತು, ಇಲ್ಲದಿದ್ದರೆ ಅದಕ್ಕೆ ಆ ಪದ್ಯದಲ್ಲಿ ಏನೂ ಕೆಲಸ ಇಲ್ಲ. ಕನ್ನಡದಲ್ಲಿ 'ಇಂದ' ಅನ್ನೋದು ಯಾವ ಪದದ ಬೆನ್ನಿಗಾದರೂ ಅಂಟುತ್ತದೆ. ನಾಯಿಯಿಂದ, ನರಿಯಿಂದ, ನಾಗಪ್ಪನಿಂದ. ವ್ಯಾಕರಣವೇ ಪುಕ್ಕಟೆ ಪ್ರಾಸ ಕೊಟ್ಟುಬಿಟ್ಟರೆ ಅದರಲ್ಲಿ ಮಜಾ ಎಲ್ಲಿ?

ಒಂದು ಭಾನುವಾರ ಇದನ್ನೇ ಹೆಂಡತಿಗೆ ಹೇಳುತ್ತಿದ್ದೆ. ಅವಳು ಚಪಾತಿ ಲಟ್ಟಿಸುತ್ತಾ, 'ಅಷ್ಟಕ್ಕೆ ಯಾಕ್ರೀ ಒದ್ದಾಡ್ತೀರಿ, ಎಲ್ಲಿಂದ? ಹಲ್ಲಿಂದ! ಅನ್ನಿ' ಎಂದಳು. ನಾನು ದಂಗಾದೆ. ನಮ್ಮ ಪ್ರಾಸ ಎರಡನೇ ಅಕ್ಷರದಲ್ಲಿ ಕೂರುತ್ತದೆ ಅಲ್ವಾ! ಎಲ್ಲಿ, ಹಲ್ಲಿ. ಅಂದರೆ ಕನ್ನಡದ ಆನೆ ಫೋನ್ ಮಾಡೋದು ಹಲ್ಲಿಯ ಮನೆಯಿಂದ. ಗೋಡೆ ಮೇಲಿನ ಹಲ್ಲಿ ಮನೆಗೆ ಆನೆ ಹೋಗಿ ಕೂತಿರೋದು ಒಂಟೆ ಮನೆಗಿಂತ ಚೆನ್ನಾಗಿಯೇ ಇದೆ. ಮಗಳಿಗೆ ಇನ್ನೊಂದು ಅರ್ಥ ಹೊಳೆಯಿತು. 'ಆನೆ ಹಲ್ಲಿನ ಒಳಗೆ ಕೂತಿದೆಯಾ?' ಎಂದು ಕೇಳಿ ಬಾಯಿ ತೆರೆದು ತೋರಿಸಿದಳು.

ಈ ಆನೆ ನಮ್ಮ ಮನೆಗೆ ಹೊಸದಲ್ಲ ಅಂತ ನೆನಪಾಗಿದ್ದು ಆಮೇಲೆ. ಊರಿನಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ದರು. ಮೊಮ್ಮಗಳಿಗೆ ಎಂದಿನಂತೆ, 'ಆನೆ ಬಂತೊಂದಾನೆ' ಎಂದು ಶುರು ಮಾಡಿದರು. ಯಾವೂರಾನೆ? ಬಿಜಾಪುರದಾನೆ. ಇಲ್ಲಿಗ್ಯಾಕೆ ಬಂತು? ದಾರಿ ತಪ್ಪಿ ಬಂತು. ದಾರಿಗೊಂದು ದುಡ್ಡು, ಬೀದಿಗೊಂದು ದುಡ್ಡು, ಅದೇ ದುಡ್ಡು ಕೊಟ್ಟು ಸೇರು ಕೊಬ್ಬರಿ ತಂದು ಲಟಲಟ ಮುರಿದು... ಅಮ್ಮ 'ಯಾವೂರಾನೆ?' ಎಂದು ಕೇಳಿ ನಿಲ್ಲಿಸಿದರು. ಮಗಳು ಬಿಜಾಪುರದ ಬದಲು 'ಅತ್ ವೆರ್ಬ್ಲ್ಯೂದಾ!' ಎಂದು ಕಿರುಚಿದಳು. ಅಮ್ಮನಿಗೆ ಅರ್ಥ ಆಗಲಿಲ್ಲ, ಆದರೆ ನಕ್ಕರು. ನಗಲು ಅರ್ಥ ಬೇಕಿರಲಿಲ್ಲ.

ನೋಡಿ, ಒಂದೇ ಕಟ್ಟು. ದೊಡ್ಡ ಪ್ರಾಣಿ, ಚಿಕ್ಕ ಚಿಕ್ಕ ಪ್ರಶ್ನೆ, ಪಟಪಟ ಉತ್ತರ, ಉತ್ತರಕ್ಕೂ ಪ್ರಶ್ನೆಗೂ ಸದ್ದಿನ ಸಂಬಂಧ ಬಿಟ್ಟರೆ ಬೇರೆ ಸಂಬಂಧ ಇಲ್ಲ. ಒಂದು ಕನ್ನಡದ ಅಜ್ಜಿಯಂದಿರದು, ಬರೆದವರು ಯಾರೋ ಗೊತ್ತಿಲ್ಲ. ಇನ್ನೊಂದು ಪುಸ್ತಕವಾಗಿ ಅಚ್ಚಾಗಿ ಕೋಟಿಗಟ್ಟಲೆ ಜನ ಓದಿದ್ದು. ಈ ವ್ಯತ್ಯಾಸ ಹೇಗೆ ಬಂತು ಅನ್ನೋದೇ ನನ್ನ ತಲೆಯಲ್ಲಿ ಕೆಲವು ವರ್ಷಗಳಿಂದ ಕೊರೆಯುತ್ತಿರುವುದು.

ಚುಕೋವ್‌ಸ್ಕಿಯ ಕಥೆಯಿಂದಲೇ ಶುರು ಮಾಡಬೇಕು. ಹುಟ್ಟಿದ್ದು 1882ರಲ್ಲಿ, ಪೀಟರ್ಸ್‌ಬರ್ಗ್‌ನಲ್ಲಿ. ತಾಯಿ ಉಕ್ರೇನಿನ ರೈತಾಪಿ ಮನೆಯವಳು. ತಂದೆ ಆಕೆಯನ್ನು ಮದುವೆಯಾಗಲಿಲ್ಲ. ಹಾಗಾಗಿ ಹುಡುಗನಿಗೆ ಕಾಗದಪತ್ರದಲ್ಲಿ ಅಪ್ಪನ ಹೆಸರಿಲ್ಲ. ರಷ್ಯಾದಲ್ಲಿ ಇದು ಸಣ್ಣ ವಿಷಯ ಅಲ್ಲ. ಇಲ್ಲಿ ಯಾರನ್ನಾದರೂ ಗೌರವದಿಂದ ಕರೆಯಬೇಕು ಅಂದರೆ ಅವರ ಹೆಸರಿನ ಜೊತೆ ಅಪ್ಪನ ಹೆಸರು ಸೇರಿಸಿ ಕರೆಯಬೇಕು. ನಾವು 'ರಾಯರೇ', 'ಅಮ್ಮಾವ್ರೇ' ಅಂದ ಹಾಗೆ. ಅಪ್ಪನ ಹೆಸರಿಲ್ಲದವನಿಗೆ ಆ ಗೌರವದ ಬಾಲವೇ ಇಲ್ಲ. ಅವರ ಹುಟ್ಟುಹೆಸರು ನಿಕೊಲಾಯ್ ಕೊರ್ನೇಯ್‌ಚುಕೊವ್. ತಾಯಿಯ ಕಡೆಯ ಆ ಮನೆಹೆಸರನ್ನೇ ಮುರಿದು ಎರಡು ತುಂಡು ಮಾಡಿ, ಕೊರ್ನೇಯ್ ಚುಕೋವ್‌ಸ್ಕಿ ಅಂತ ತನಗೆ ತಾನೇ ಹೆಸರಿಟ್ಟುಕೊಂಡರು. ನಡುವೆ 'ಇವಾನೊವಿಚ್' ಅಂತ ಇಲ್ಲದ ಅಪ್ಪನನ್ನೂ ಸೇರಿಸಿಕೊಂಡರು.

ಈ ಕಥೆ ಓದಿದಾಗ ನನಗೆ ನನ್ನದೇ ನೆನಪಾಯಿತು. ಇಲ್ಲಿ ಯಾವ ಅರ್ಜಿ ತೆಗೆದುಕೊಂಡರೂ ಮೂರು ಖಾನೆ. ಮನೆಹೆಸರು, ಹೆಸರು, ಅಪ್ಪನ ಹೆಸರು. ನನಗೋ ಊರಿನ ಒಂದು ಇನಿಷಿಯಲ್, ಅಪ್ಪನ ಒಂದು ಇನಿಷಿಯಲ್, ಆಮೇಲೆ ಹೆಸರು. ಒಂದು ಕಚೇರಿಯಲ್ಲಿ ನನ್ನ ಊರನ್ನೇ ನನ್ನ ಅಪ್ಪ ಮಾಡಿಬಿಟ್ಟರು. ತಿದ್ದಿಸಲು ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳಲ್ಲೇ ಚುಕೋವ್‌ಸ್ಕಿಯ 'ಮೊಸಳೆ' ಪದ್ಯ ಓದಿದ್ದು. ಅದರಲ್ಲಿ ಮೊಸಳೆ ಪೆತ್ರೊಗ್ರಾದ್‌ನ (ಆಗ ಪೀಟರ್ಸ್‌ಬರ್ಗ್‌ಗೆ ಇದ್ದ ಹೆಸರು) ಬೀದಿಯಲ್ಲಿ ಸಿಗರೇಟು ಸೇದುತ್ತಾ, ಟರ್ಕಿ ಭಾಷೆ ಮಾತಾಡುತ್ತಾ ಓಡಾಡುತ್ತದೆ. ಅದರ ಹೆಸರು ಕ್ರೊಕೊಡಿಲ್ ಕ್ರೊಕೊಡಿಲೊವಿಚ್. ಮೊಸಳೆಪ್ಪನ ಮಗ ಮೊಸಳೆಪ್ಪ! ಮೊಸಳೆಗೂ ಇಲ್ಲಿ ಅಪ್ಪನ ಹೆಸರಿದೆ, ನನಗೆ ಇಲ್ಲ.

ಆ ಪದ್ಯ ಹುಟ್ಟಿದ್ದು ರೈಲಿನಲ್ಲಿ. ಚಿಕ್ಕ ಮಗನಿಗೆ ಜ್ವರ, ರಾತ್ರಿ ರೈಲು, ಹುಡುಗ ಅಳು ನಿಲ್ಲಿಸುತ್ತಿಲ್ಲ. ಸಮಾಧಾನ ಮಾಡಲು ಚುಕೋವ್‌ಸ್ಕಿ ಚಕ್ರದ ತಾಳಕ್ಕೆ ಬಾಯಿಗೆ ಬಂದದ್ದನ್ನು ಹೇಳುತ್ತಾ ಹೋದರು. 'ಇದ್ದಾನೊಬ್ಬ ಮೊಸಳೆ' ಅಂತ. ಮಾರನೇ ದಿನ ಹುಡುಗ ಅದನ್ನೇ ಮತ್ತೆ ಕೇಳಿದ. ಆಗ ಚುಕೋವ್‌ಸ್ಕಿ ಮಕ್ಕಳ ಕವಿಯೇ ಅಲ್ಲ. ನಾಲಿಗೆ ಖಾರದ ವಿಮರ್ಶಕ. ದೊಡ್ಡ ದೊಡ್ಡ ಸಾಹಿತಿಗಳು ಹೆದರುತ್ತಿದ್ದ ಮನುಷ್ಯ. 'ಮೊಸಳೆ' ಅಚ್ಚಾಗಿದ್ದು 1917ರಲ್ಲಿ, ಅಂದರೆ ಕ್ರಾಂತಿಯ ವರ್ಷದಲ್ಲಿ. ಆಮೇಲೆ ಆರೇಳು ವರ್ಷದಲ್ಲಿ ಸ್ನಾನ ಮಾಡದ ಹುಡುಗನನ್ನು ಅಟ್ಟಿಸಿಕೊಂಡು ಬರುವ ಕೈತೊಳೆಯುವ ತೊಟ್ಟಿ, ಮೀಸೆ ತೋರಿಸಿ ಆನೆ ತೋಳಗಳನ್ನೆಲ್ಲ ಹೆದರಿಸುವ ಜಿರಳೆ, ಹುಟ್ಟುಹಬ್ಬ ಮಾಡಿಕೊಳ್ಳುವ ನೊಣ, ಎಲ್ಲ ಒಂದರ ಹಿಂದೆ ಒಂದು ಬಂದವು.

ಅವರ ಇನ್ನೊಂದು ಕೆಲಸ ಕವಿತೆಯಷ್ಟೇ ದೊಡ್ಡದು ಅಂತ ನನ್ನ ಲೆಕ್ಕ. ಚಿಕ್ಕ ಮಕ್ಕಳು ಆಡುವ ಮಾತನ್ನೆಲ್ಲ ವರ್ಷಗಟ್ಟಲೆ ಬರೆದಿಟ್ಟುಕೊಂಡರು. ದೇಶದ ಮೂಲೆಮೂಲೆಯ ತಾಯಂದಿರು ಅವರಿಗೆ ಕಾಗದ ಬರೆಯುತ್ತಿದ್ದರು. ಅದೆಲ್ಲ ಸೇರಿ 'ಎರಡರಿಂದ ಐದು' ಅನ್ನೋ ಪುಸ್ತಕ ಆಯಿತು. ಎರಡರಿಂದ ಐದು ವರ್ಷದ ಮಗುವಿಗಿಂತ ದೊಡ್ಡ ಭಾಷಾಪಂಡಿತ ಭೂಮಿ ಮೇಲಿಲ್ಲ ಅನ್ನೋದು ಅವರ ವಾದ. ನನ್ನ ಮಗಳು ಮೂರು ವರ್ಷಕ್ಕೆ ಕಿಟಕಿ ಹೊರಗೆ ನೋಡಿ 'ಅಪ್ಪ, ಹಿಮ ಮಳೆಯುತ್ತಿದೆ' ಎಂದಿದ್ದಳು. ಮಳೆಯಿಂದ ಒಂದು ಹೊಸ ಕ್ರಿಯಾಪದ! ನಾನು ತಿದ್ದಿದೆ. ಆಮೇಲೆ ಈ ಪುಸ್ತಕ ಓದಿ ತಿದ್ದಿದ್ದಕ್ಕೆ ಬೇಜಾರಾಯಿತು. ಅದೇ ಪುಸ್ತಕದಲ್ಲಿ ತಲೆಕೆಳಗು ಪದ್ಯಗಳ ಬಗ್ಗೆ ಒಂದು ಮಾತಿದೆ. ಗಾಡಿ ಕುದುರೆಯನ್ನು ಎಳೆಯುತ್ತದೆ ಅಂತ ಹೇಳಿದರೆ ಮಗು ನಗೋದು ಯಾಕೆ? ಕುದುರೆಯೇ ಗಾಡಿಯನ್ನು ಎಳೆಯಬೇಕು ಅಂತ ಅದಕ್ಕೆ ಚೆನ್ನಾಗಿ ಗೊತ್ತು. ಗೊತ್ತಿರೋದರಿಂದಲೇ ನಗು. ಸುಳ್ಳು ಹೇಳಿ ನಿಜವನ್ನು ಗಟ್ಟಿ ಮಾಡುವ ಆಟ ಅದು.

ಅವರಿಗೆ ಈ ಆಟ ಸಿಕ್ಕಿದ್ದು ಎರಡು ಕಡೆಯಿಂದ. ಒಂದು, ರಷ್ಯಾದ ಹಳ್ಳಿ ಅಜ್ಜಿಯರ ಹಾಡು. ಇನ್ನೊಂದು, ಇಂಗ್ಲಿಷ್ ಶಿಶುಪ್ರಾಸ. ಇಂಗ್ಲಿಷನ್ನು ತಾವೇ ಕಲಿತು, 1903ರಲ್ಲಿ ಪತ್ರಿಕೆಯೊಂದರ ವರದಿಗಾರನಾಗಿ ಲಂಡನ್‌ಗೆ ಹೋಗಿದ್ದರು. ಮಾರ್ಷಾಕ್ ಕೂಡ ಲಂಡನ್‌ನಲ್ಲಿ ಓದಿದವರು. ಹೊರಗಿನದನ್ನು ತಂದು ಮನೆಯದು ಮಾಡಿಕೊಳ್ಳುವ ಈ ಚಾಳಿ ನಮಗೂ ಗೊತ್ತಿರೋದೇ. ಹ್ಯಾಮೆಲಿನ್‌ನ ಇಲಿಗಳನ್ನು ಕುವೆಂಪು ತುಂಗೆಯ ದಂಡೆಗೆ, ಬೊಮ್ಮನಹಳ್ಳಿಗೆ ತಂದುಬಿಟ್ಟಿಲ್ಲವೇ? ತೀರ್ಥಹಳ್ಳಿಯ ಮಕ್ಕಳಾದ ನಮಗೆ ಕಿಂದರಿಜೋಗಿ ಪರದೇಶದವನು ಅಂತ ಹೈಸ್ಕೂಲಿಗೆ ಬರೋವರೆಗೂ ಗೊತ್ತೇ ಇರಲಿಲ್ಲ. ಇಲ್ಲಿನವರಿಗೂ ಹಾಗೇ. ಇಂಗ್ಲಿಷ್ ಕಥೆಯ ವಿನ್ನಿ ಪೂಹ್ ಕರಡಿ ಅಪ್ಪಟ ರಷ್ಯನ್ ಅಂತ ವಾದಿಸುವ ಸಹೋದ್ಯೋಗಿ ನನಗಿದ್ದಾರೆ. 1960ರಲ್ಲಿ ಅದನ್ನು ರಷ್ಯನ್‌ಗೆ ತಂದ ಝಖೊದೆರ್ ಅದನ್ನು ಅನುವಾದ ಅನ್ನಲೇ ಇಲ್ಲ, 'ಮರುಕಥನ' ಅಂದರು.

ಇಷ್ಟಾದರೆ ಸುಖದ ಕಥೆ. ಮುಂದಿನದು ಹಾಗಿಲ್ಲ. 1928ರ ಫೆಬ್ರವರಿ 1ರಂದು ಕಮ್ಯುನಿಸ್ಟ್ ಪಕ್ಷದ 'ಪ್ರಾವ್ದಾ' ಪತ್ರಿಕೆಯಲ್ಲಿ 'ಮೊಸಳೆ'ಯ ಮೇಲೆ ಒಂದು ಲೇಖನ ಬಂತು. ಬರೆದವರು ನದೇಝ್ದಾ ಕ್ರುಪ್‌ಸ್ಕಾಯಾ. ಲೆನಿನ್ ಅವರ ಹೆಂಡತಿ, ಶಿಕ್ಷಣ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಈ ಅಸಂಬದ್ಧದ ಅರ್ಥ ಏನು, ಇದರ ರಾಜಕೀಯ ಅರ್ಥ ಏನು ಅಂತ ಅವರ ಪ್ರಶ್ನೆ. ಏನೋ ಒಂದು ಅರ್ಥ ಇರಲೇಬೇಕು, ಚೆನ್ನಾಗಿ ಮುಚ್ಚಿಟ್ಟಿದ್ದಾರೆ ಅಂತ ಅನುಮಾನ ಬೇರೆ. ನಮ್ಮ ಮಕ್ಕಳಿಗೆ ಇದನ್ನು ಕೊಡಬೇಡಿ ಅಂತ ತೀರ್ಪು. ಪ್ರಾಣಿ ಮಾತಾಡುವ ಕಥೆಗಳೇ ಬೇಡ, ಮಕ್ಕಳಿಗೆ ಟ್ರ್ಯಾಕ್ಟರ್ ಬಗ್ಗೆ, ಕಾರ್ಖಾನೆ ಬಗ್ಗೆ ಹೇಳಿ ಅನ್ನುವ ಶಿಕ್ಷಣತಜ್ಞರ ಗುಂಪೇ ಆಗ ಇತ್ತು. 'ಚುಕೋವ್‌ಷ್ಚಿನಾ', ಅಂದರೆ ಚುಕೋವ್‌ಸ್ಕಿಗಿರಿ, ಅಂತ ಒಂದು ಬೈಗುಳವೇ ಹುಟ್ಟಿಕೊಂಡಿತು. ಸಾಹಿತಿ ಗೋರ್ಕಿ ಅದೇ ಪತ್ರಿಕೆಗೆ ಕಾಗದ ಬರೆದು ಚುಕೋವ್‌ಸ್ಕಿಯ ಪರ ನಿಂತರು. ಆದರೂ ಕಾಟ ನಿಲ್ಲಲಿಲ್ಲ. 1929ರ ಕೊನೆಗೆ ಚುಕೋವ್‌ಸ್ಕಿ ಸೋತರು. ನನ್ನ ಹಳೆಯ ಕಥೆಗಳು ತಪ್ಪು, ಇನ್ನು ಮೇಲೆ ಸಾಮೂಹಿಕ ಬೇಸಾಯದ ಬಗ್ಗೆ ಖುಷಿಯಾದ ಪುಸ್ತಕ ಬರೆಯುತ್ತೇನೆ ಅಂತ ಪತ್ರಿಕೆಯಲ್ಲೇ ಹೇಳಿಕೆ ಕೊಟ್ಟರು. ಎರಡು ವರ್ಷಕ್ಕೆ, 1931ರಲ್ಲಿ, ಕೊನೆಯ ಮಗಳು ಮುರಾ ಕ್ಷಯದಿಂದ ತೀರಿಕೊಂಡಳು. ಹನ್ನೊಂದು ವರ್ಷ. ಎಷ್ಟೋ ಪದ್ಯ ಅವಳಿಗಾಗಿ, ಅವಳ ಹೆಸರಿಟ್ಟೇ ಬರೆದದ್ದು. ಹೇಳಿಕೆಯಲ್ಲಿ ಮಾತು ಕೊಟ್ಟ ಆ ಬೇಸಾಯದ ಪುಸ್ತಕವನ್ನು ಅವರು ಬರೆಯಲೇ ಇಲ್ಲ.

ಲೆನಿನ್‌ಗ್ರಾಡ್‌ನ (ಅದೇ ಪೀಟರ್ಸ್‌ಬರ್ಗ್, ಹೆಸರು ಬದಲಾಗಿತ್ತು) ಕಥೆ ಇನ್ನೂ ಕೆಟ್ಟದ್ದು. ಅಲ್ಲಿ ಸರ್ಕಾರಿ ಪ್ರಕಾಶನದ ಮಕ್ಕಳ ವಿಭಾಗಕ್ಕೆ ಸಮುಯಿಲ್ ಮಾರ್ಷಾಕ್ ಜೀವಾಳ. ಲೆಬೆದೆವ್‌ನಂಥ ಚಿತ್ರಕಾರ ಜೊತೆಗೆ. ತೆಳ್ಳನೆಯ, ಪಿನ್ನು ಹೊಡೆದ, ಹತ್ತು ಹನ್ನೆರಡು ಪುಟದ ಪುಸ್ತಕಗಳು. ಈಗ ಅವನ್ನು ಮ್ಯೂಸಿಯಮ್ಮಿನ ಗಾಜಿನೊಳಗೆ ಇಡುತ್ತಾರೆ. ದೊಡ್ಡವರಿಗೆ ಬರೆದದ್ದನ್ನು ಅಚ್ಚು ಹಾಕಿಸಲಾಗದ ಕವಿಗಳು ಅಲ್ಲಿಗೆ ಬಂದು ಮಕ್ಕಳಿಗೆ ಬರೆದರು. ಹೊಟ್ಟೆಪಾಡು ಒಂದು, ಬಚ್ಚಿಟ್ಟುಕೊಳ್ಳುವ ಜಾಗ ಇನ್ನೊಂದು. ದಾನಿಯೀಲ್ ಖಾರ್ಮ್ಸ್ ಹಾಗೆ ಬಂದವರು. ತಮಾಷೆ ಅಂದರೆ ಅವರಿಗೆ ಮಕ್ಕಳನ್ನು ಕಂಡರೆ ಆಗುತ್ತಿರಲಿಲ್ಲ, ಅದನ್ನು ಎಲ್ಲರೆದುರು ಹೇಳುತ್ತಲೂ ಇದ್ದರು. ಮಕ್ಕಳಿಗೆ ಮಾತ್ರ ಅವರ ಪದ್ಯ ಪ್ರಾಣ. 1931ರ ಡಿಸೆಂಬರ್‌ನಲ್ಲಿ ಅವರನ್ನೂ ಅವರ ಗೆಳೆಯ ಕವಿ ವ್ವೆದೆನ್‌ಸ್ಕಿಯನ್ನೂ ಪೊಲೀಸರು ಹಿಡಿದುಕೊಂಡು ಹೋದರು. ಮಕ್ಕಳ ಪದ್ಯವೂ ಆರೋಪದಲ್ಲಿ ಸೇರಿತ್ತು. ಬಿಟ್ಟ ಮೇಲೆ ಮತ್ತೆ ಬರೆದರು. 1937ರಲ್ಲಿ 'ಚಿಝ್' ಅನ್ನೋ ಮಕ್ಕಳ ಪತ್ರಿಕೆಯಲ್ಲಿ ಅವರ ಒಂದು ಪದ್ಯ ಬಂತು. ಒಬ್ಬ ಮನುಷ್ಯ ಕೋಲು, ಚೀಲ ಹಿಡಿದು ಮನೆಯಿಂದ ಹೊರಟ, ನಡೆದ, ಕಾಡಿಗೆ ಹೊಕ್ಕ, ಅಲ್ಲಿಂದ ಮುಂದೆ ಕಾಣಲಿಲ್ಲ. ನಿಮಗೆಲ್ಲಾದರೂ ಸಿಕ್ಕರೆ ನಮಗೆ ಬೇಗ ಹೇಳಿ. ಅಷ್ಟೇ ಪದ್ಯ. ಆ ವರ್ಷ ಸ್ಟಾಲಿನ್‌ನ ಬಂಧನಗಳಲ್ಲಿ ಊರಿನ ಎಷ್ಟೋ ಮನೆಗಳಿಂದ ಯಾರೋ ಒಬ್ಬರು ಹಾಗೆ ಕಾಣೆಯಾಗುತ್ತಿದ್ದರು. ಅದಾದ ಮೇಲೆ ಬಹಳ ದಿನ ಖಾರ್ಮ್ಸ್ ಬರೆದದ್ದನ್ನು ಯಾರೂ ಅಚ್ಚು ಹಾಕಲಿಲ್ಲ. 1941ರಲ್ಲಿ ಮತ್ತೆ ಬಂಧನ. 1942ರ ಫೆಬ್ರವರಿಯಲ್ಲಿ, ಲೆನಿನ್‌ಗ್ರಾಡ್ ಮುತ್ತಿಗೆಯ ಹಸಿವಿನ ಚಳಿಗಾಲದಲ್ಲಿ, ಜೈಲಿನ ಆಸ್ಪತ್ರೆಯಲ್ಲಿ ಸತ್ತರು.

ಚುಕೋವ್‌ಸ್ಕಿಯ ಅಳಿಯ ಮತ್ವೇಯ್ ಬ್ರೊನ್‌ಸ್ಟೈನ್ ಭೌತವಿಜ್ಞಾನಿ. ಮಾರ್ಷಾಕ್ ಬಳಗ ಅವರಿಂದ ಹೀಲಿಯಂ ಬಗ್ಗೆ ಮಕ್ಕಳಿಗೆ ಒಂದು ಪುಸ್ತಕ ಬರೆಸಿತ್ತು. 1938ರಲ್ಲಿ ಗುಂಡಿಕ್ಕಿ ಕೊಂದರು. 31 ವರ್ಷ. ಮಾರ್ಷಾಕ್ ಬಳಗವನ್ನು 1937ರಲ್ಲೇ ಒಡೆದು ಹಾಕಿದ್ದರು.

ನಮ್ಮಲ್ಲಿ ನನ್ನ ವಯಸ್ಸಿನವರು ಆ ಸೋವಿಯತ್ ಪುಸ್ತಕಗಳ ಬಗ್ಗೆ ಮಾತಾಡುವಾಗ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ನಾನೂ ಮಾಡಿಕೊಳ್ಳುತ್ತೇನೆ. ಆದರೆ ಬೆಲೆ ಕಮ್ಮಿ ಮಾಡಿ ಒಳ್ಳೆ ಕಾಗದದಲ್ಲಿ ಅಚ್ಚು ಹಾಕಿ ತೀರ್ಥಹಳ್ಳಿವರೆಗೂ ಕಳಿಸಿದ ಸರ್ಕಾರವೂ, ಖಾರ್ಮ್ಸ್‌ರನ್ನು ಜೈಲಿನಲ್ಲಿ ಸಾಯಲು ಬಿಟ್ಟ ಸರ್ಕಾರವೂ ಒಂದೇ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು, ಒಂದನ್ನು ಮಾತ್ರ ನೆನಪಿಟ್ಟುಕೊಂಡರೆ ಅದು ಅರ್ಧ ನೆನಪು. ಪದ್ಯಗಳು ಉಳಿದಿದ್ದರಲ್ಲಿ ಸರ್ಕಾರಕ್ಕಿಂತ ಅಜ್ಜಿಯರ ಪಾಲು ಜಾಸ್ತಿ. ಅಚ್ಚಿಗೆ ತಡೆ ಇದ್ದಾಗಲೂ ಬಾಯಿಗೆ ತಡೆ ಇರಲಿಲ್ಲ. ಜಿರಳೆಯ ಪದ್ಯವನ್ನು ಮುಂದೆ ಜನ ಸ್ಟಾಲಿನ್‌ನ ಪದ್ಯ ಅಂತಲೇ ಓದಿಕೊಂಡರು, ಮೀಸೆ ಇತ್ತಲ್ಲ. ಚುಕೋವ್‌ಸ್ಕಿ ಅದನ್ನು ಬರೆದಾಗ ಸ್ಟಾಲಿನ್ ಇನ್ನೂ ಆ ಮಟ್ಟಕ್ಕೆ ಏರಿರಲೇ ಇಲ್ಲ.

ಈಗ ನಮ್ಮ ಕಡೆ ಬರೋಣ. ನಮ್ಮಲ್ಲಿ ದೊಡ್ಡ ಕವಿಗಳು ಮಕ್ಕಳಿಗೆ ಬರೆಯಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಪಂಜೆ ಮಂಗೇಶರಾಯರು, ಕುವೆಂಪು, ರಾಜರತ್ನಂ, ಬಾಲವನ ಕಟ್ಟಿದ ಕಾರಂತರು. ಇನ್ನೇನು ಬೇಕು? ಆದರೆ ಅವರು ಯಾರು ಅಂತ ನೋಡಿ. ಪಂಜೆಯವರು ಶಾಲಾ ಇನ್ಸ್‌ಪೆಕ್ಟರ್, ಹೆಡ್‌ಮಾಸ್ಟರ್. ರಾಜರತ್ನಂ, ಕುವೆಂಪು ಕಾಲೇಜಿನ ಮೇಷ್ಟ್ರುಗಳು. ಕನ್ನಡದ ಶಿಶುಗೀತೆ ದೊಡ್ಡದಾಗಿದ್ದು ಶಾಲೆಯ ಅಂಗಳದಲ್ಲಿ. ಇಲ್ಲಿನದು ದೊಡ್ಡದಾಗಿದ್ದು ರೈಲಿನಲ್ಲಿ, ಪ್ರಕಾಶಕರ ಕೋಣೆಯಲ್ಲಿ, ಕೆಲಸ ಇಲ್ಲದ ಕವಿಗಳ ಕೈಯಲ್ಲಿ. ಹಾಗಾಗಿ ನಮ್ಮ ಪದ್ಯಕ್ಕೆ ಸೀಮೆಸುಣ್ಣದ ವಾಸನೆ ಸ್ವಲ್ಪ ಜಾಸ್ತಿ. ಮೇಷ್ಟ್ರ ಮಗ ನಾನು, ಆ ವಾಸನೆ ನನಗೆ ಇಷ್ಟವೇ. ಆದರೂ ಇದೆ.

ಎರಡು ಆಟಿಕೆ ಪದ್ಯ ಪಕ್ಕ ಪಕ್ಕ ಇಡುತ್ತೇನೆ. ರಾಜರತ್ನಂ ಅವರ ಬಣ್ಣದ ತಗಡಿನ ತುತ್ತೂರಿ ನಿಮಗೆ ಗೊತ್ತು. ಕಸ್ತೂರಿ ತುತ್ತೂರಿ ಕೊಂಡ, ಊದುತ್ತಾ ಜಂಬ ಮಾಡಿದ, ತುತ್ತೂರಿ ಜಾರಿ ಕೊಳಕ್ಕೆ ಬಿತ್ತು, ಬಣ್ಣ ನೀರುಪಾಲಾಯಿತು. ಜಂಬಕ್ಕೆ ತಕ್ಕ ಶಾಸ್ತಿ. ಕನ್ನಡದಲ್ಲಿ ಅಷ್ಟು ಚೆಂದದ ಸದ್ದಿನ ಪದ್ಯ ಕಮ್ಮಿ, ಆದರೆ ನನಗೆ ಚಿಕ್ಕಂದಿನಿಂದಲೂ ಕಸ್ತೂರಿ ಬಗ್ಗೆ ಅಯ್ಯೋ ಅನಿಸುತ್ತದೆ. ಪಾಪ, ಹೊಸ ತುತ್ತೂರಿ ಸಿಕ್ಕರೆ ಯಾರು ಜಂಬ ಮಾಡಲ್ಲ? ಅಗ್ನಿಯಾ ಬಾರ್ತೊ ಅವರ ಪದ್ಯದಲ್ಲಿ ಆಟಿಕೆ ಕರಡಿಯನ್ನು ಯಾರೋ ನೆಲಕ್ಕೆ ಬೀಳಿಸಿದ್ದಾರೆ, ಒಂದು ಕಾಲು ಕಿತ್ತುಹೋಗಿದೆ. ಆದರೂ ಬಿಸಾಡಲ್ಲ, ಅದು ಒಳ್ಳೆಯದು. ನಾಲ್ಕೇ ಸಾಲು. ಇಲ್ಲಿ ಎರಡು ವರ್ಷದ ಮಗು ಮೊದಲು ಕಲಿಯುವ ಪದ್ಯಗಳಲ್ಲಿ ಅದೂ ಒಂದು. ಯಾರಿಗೂ ಶಾಸ್ತಿ ಇಲ್ಲ.

ಬಾರ್ತೊ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 1965ರಿಂದ 1974ರವರೆಗೆ ಆಕೆ ರೇಡಿಯೋದಲ್ಲಿ ತಿಂಗಳಿಗೊಮ್ಮೆ ಒಂದು ಕಾರ್ಯಕ್ರಮ ನಡೆಸಿದರು. ಎರಡನೇ ಮಹಾಯುದ್ಧದಲ್ಲಿ ತಂದೆತಾಯಿಯಿಂದ ತಪ್ಪಿಹೋದ ಮಕ್ಕಳನ್ನು ಹುಡುಕುವ ಕೆಲಸ. ಮಕ್ಕಳಾಗಿದ್ದವರು ಅಷ್ಟೊತ್ತಿಗೆ ದೊಡ್ಡವರು. ಹೆಸರು, ಊರು ಯಾವುದೂ ನೆನಪಿಲ್ಲ. ಕಾಗದಪತ್ರ ಇಲ್ಲದ್ದರಿಂದ ಅಧಿಕಾರಿಗಳಿಗೆ ಹುಡುಕಲು ದಾರಿ ಇಲ್ಲ. ಬಾರ್ತೊ ಕೇಳಿದ್ದು ಬೇರೆಯದನ್ನು. ಚಿಕ್ಕಂದಿನ ಯಾವುದೋ ಒಂದು ತುಣುಕು ನೆನಪು, ಎಂಥದ್ದಾದರೂ ಸರಿ. ಮನೆ ನಾಯಿಯ ಹೆಸರೋ, ಬಿದ್ದು ಆದ ಗಾಯವೋ. ಅದನ್ನು ರೇಡಿಯೋದಲ್ಲಿ ಓದಿದರೆ ಎಲ್ಲೋ ಕೂತ ಒಬ್ಬ ತಾಯಿಗೆ ಅದು ತನ್ನ ಮಗು ಅಂತ ಗೊತ್ತಾಗುತ್ತಿತ್ತು. 900ಕ್ಕೂ ಜಾಸ್ತಿ ಕುಟುಂಬಗಳು ಹಾಗೆ ಸೇರಿದವು. ಮಗುವಿನ ನೆನಪು ಕೆಲಸಕ್ಕೆ ಬಾರದ್ದನ್ನೇ ಹಿಡಿದಿಟ್ಟುಕೊಳ್ಳುತ್ತದೆ ಅಂತ ಮಕ್ಕಳಿಗೆ ಬರೆದ ಕವಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು?

ರಷ್ಯನ್ನರಲ್ಲಿ ನೀತಿ ಪಾಠ ಇಲ್ಲ ಅಂತಲ್ಲ. ಬೇಕಾದಷ್ಟಿದೆ. ಆ ಕೈತೊಳೆಯುವ ತೊಟ್ಟಿಯ ಪದ್ಯವೇ ಸ್ನಾನ ಮಾಡು ಅನ್ನೋ ಪಾಠ. ಅಪ್ಪನನ್ನೇ ಹಿಡಿದುಕೊಟ್ಟ ಹುಡುಗನನ್ನು ಮಾದರಿ ಅಂತ ಮಕ್ಕಳ ಮುಂದೆ ನಿಲ್ಲಿಸಿದ ದೇಶ ಇದು. ಈಗಲೂ 2012ರಿಂದ ಒಂದು ಕಾನೂನಿದೆ, ಬಹುತೇಕ ಪುಸ್ತಕಗಳ ಮೇಲೆ ಎಷ್ಟು ವರ್ಷದ ಮೇಲಿನವರಿಗೆ ಅಂತ ಅಚ್ಚು ಹಾಕಬೇಕು. ನನ್ನ ಮಾತು ಇಷ್ಟೇ. ಇವರು ಅಜ್ಜಿಯ ಅರ್ಥವಿಲ್ಲದ ಹಾಡನ್ನೂ ಪುಸ್ತಕಕ್ಕೆ ಸೇರಿಸಿಕೊಂಡರು, ಒಳ್ಳೆ ಕವಿ, ಒಳ್ಳೆ ಚಿತ್ರಕಾರರನ್ನು ಅದಕ್ಕೆ ಕೂರಿಸಿದರು. ನಾವು ಮೇಷ್ಟ್ರ ಹಾಡನ್ನು ಪುಸ್ತಕಕ್ಕೆ ಹಾಕಿ, ಅಜ್ಜಿಯ ಆನೆಯನ್ನು ಅಡುಗೆಮನೆಯಲ್ಲೇ ಬಿಟ್ಟೆವು. ಮೇಷ್ಟ್ರ ಹಾಡಿಗೂ ಕೊನೆಗೆ 'ಈ ಪದ್ಯದಿಂದ ನೀವು ಕಲಿತ ನೀತಿ ಏನು?' ಅನ್ನೋ ಪ್ರಶ್ನೆ ಅಂಟಿಸಿದೆವು. ಎರಡು ಅಂಕ.

ಅದರ ಫಲ ದೊಡ್ಡವರ ಮಾತಿನಲ್ಲಿ ಕಾಣುತ್ತದೆ. ಮಾರ್ಷಾಕ್‌ರ ಒಂದು ಪದ್ಯದಲ್ಲಿ ಒಬ್ಬಾಕೆ ರೈಲಿನ ಲಗೇಜಿಗೆ ಸೋಫಾ, ಸೂಟ್‌ಕೇಸ್, ಬುಟ್ಟಿ, ಚಿತ್ರಪಟದ ಜೊತೆ ಒಂದು ಪುಟ್ಟ ನಾಯಿಮರಿಯನ್ನೂ ಹಾಕುತ್ತಾಳೆ. ನಡುವೆ ಮರಿ ಓಡಿಹೋಗುತ್ತದೆ. ರೈಲ್ವೆಯವರು ಸಿಕ್ಕ ಯಾವುದೋ ದೊಡ್ಡ ನಾಯಿಯನ್ನು ತುಂಬುತ್ತಾರೆ. ಆಕೆ ಕೂಗಾಡಿದರೆ, 'ದಾರಿಯಲ್ಲಿ ನಾಯಿ ಬೆಳೆದಿರಬಹುದಲ್ಲ' ಅನ್ನುತ್ತಾರೆ. ನಮ್ಮ ಆಫೀಸಿನಲ್ಲಿ ಒಂದು ಕೆಲಸದ ಅಂದಾಜು ಖರ್ಚು ಮೂರು ಸಲ ಏರಿದಾಗ ಮೀಟಿಂಗಿನಲ್ಲಿ ಯಾರೋ ಇದೇ ಸಾಲು ಹೇಳಿದರು. ಇಡೀ ಕೋಣೆ ನಕ್ಕಿತು, ಬಿಗುವು ಸಡಿಲವಾಯಿತು. ಕನ್ನಡದಲ್ಲಿ ಮೀಟಿಂಗ್ ಮಧ್ಯೆ ಹೀಗೆ ಎಲ್ಲರಿಗೂ ತಟ್ಟುವ ಶಿಶುಗೀತೆಯ ಸಾಲು ನನಗೆ ತಕ್ಷಣ ಹೊಳೆಯಲಿಲ್ಲ. ಹೊಳೆಯೋದು ಸಿನಿಮಾ ಡೈಲಾಗ್. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಕ್ಕಳಿಗೆ ತುತ್ತೂರಿಯೂ ಗೊತ್ತಿಲ್ಲ, ಬಿಜಾಪುರದ ಆನೆಯೂ ಗೊತ್ತಿಲ್ಲ. ಅವರಿಗೆ ಗೊತ್ತಿರೋದು ಇಂಗ್ಲಿಷ್ ರೈಮ್ಸ್, ಅದೂ ಯೂಟ್ಯೂಬಿನದು.

ಇಲ್ಲಿ ಹೊಸ ವರ್ಷದ ಹಬ್ಬಕ್ಕೆ ಒಂದು ಪದ್ಧತಿ ಇದೆ. ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸುತ್ತಾರೆ. ಹಿಮತಾತನ ವೇಷ ಹಾಕಿದವರು ಎದುರು ನಿಲ್ಲುತ್ತಾರೆ. ಮಗು ಒಂದು ಪದ್ಯ ಹೇಳಿದರೆ ಉಡುಗೊರೆ. ಸ್ಟೂಲು ಹತ್ತಿ ಅಳದ ರಷ್ಯನ್ನರೇ ಇಲ್ಲವಂತೆ. ಮಗಳಿಗೆ ಐದು ವರ್ಷ ಇದ್ದಾಗ ಕೆಳಗಿನ ಮಹಡಿಯ ಅಜ್ಜಿ ನಮ್ಮನ್ನು ಅವರ ಮನೆ ಹಬ್ಬಕ್ಕೆ ಕರೆದರು. ಅಜ್ಜಿಯ ಅಳಿಯನೇ ಹಿಮತಾತ, ಗಡ್ಡ ಕಿವಿಯಿಂದ ಜಾರುತ್ತಿತ್ತು. ಮಗಳು ಸ್ಟೂಲು ಹತ್ತಿದಳು. ಶಿಶುವಿಹಾರದಲ್ಲಿ ಕಲಿತ ಪದ್ಯ ಮರೆತುಹೋಯಿತು. ಎರಡು ನಿಮಿಷ ಸುಮ್ನೆ ನಿಂತಳು. ಆಮೇಲೆ ಕಣ್ಣು ಮುಚ್ಚಿ 'ಆನೆ ಬಂತೊಂದಾನೆ' ಎಂದು ಶುರು ಮಾಡಿ, ಲಟಲಟ ಮುರಿಯುವವರೆಗೂ ಹೇಳಿಯೇ ಇಳಿದಳು. ಉಡುಗೊರೆ ಸಿಕ್ಕಿತು.

ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದು ಅರ್ಥ ಕೇಳಿದರು. ಒಂದೊಂದೇ ಸಾಲು ಹೇಳಿದೆ. ಬಿಜಾಪುರ ಎಲ್ಲಿದೆ, ಸೇರು ಅಂದರೆ ಎಷ್ಟು, ಕೊಬ್ಬರಿ ಅಂದರೆ ಏನು, ಎಲ್ಲ ಆಯಿತು. 'ಲಟಲಟ'ಕ್ಕೆ ಒಂದು ಒಣ ರೊಟ್ಟಿ ತೆಗೆದು ಮುರಿದು ತೋರಿಸಿದೆ. ಅವರು ತಲೆಯಾಡಿಸಿ, ಸ್ವಲ್ಪ ಯೋಚನೆ ಮಾಡಿ, 'ದಾರಿ ತಪ್ಪಿದ್ದು ಆನೆ, ಹಾಗಾದರೆ ದುಡ್ಡು ಕೊಟ್ಟವರು ಯಾರು?' ಎಂದು ಕೇಳಿದರು. ನಾನು ನಲವತ್ತು ವರ್ಷದಿಂದ ಕೇಳಿದ ಹಾಡು, ಇದನ್ನು ಯಾವತ್ತೂ ಯೋಚನೆ ಮಾಡಿರಲಿಲ್ಲ. ಮಾರನೇ ದಿನ ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ.

'ಅದನ್ನೆಲ್ಲ ಯಾರು ಕೇಳ್ತಾರೆ ಮಾರಾಯ' ಎಂದರು ಅಮ್ಮ. 'ಅಲ್ಲಿ ಚಳಿ ಹೇಗಿದೆ?'